ಕಾಫಿ ತೋಟಕ್ಕೆ ಸಮುದ್ರದ ಸುಣ್ಣ

ಪಂದಿ ಕರಿಗೆ ಹಾಕುವ ಕಾಚಂಪುಳಿ ಅನ್ನುವ ಹುಳಿರಸವನ್ನು ನೆಲಕ್ಕೆ ಸುರಿಯುತ್ತಿದ್ದೇನೆ ಅಂತ ಒಳಗಿನಿಂದ ಬೈಗುಳ ಕೇಳಿಸುತ್ತಿದೆ. ಇರಲಿ, ಕ್ಯಾಮೆರಾ ಹತ್ತಿರ ತರುತ್ತೇನೆ. ಇದು ವರಾಂಡದ ಶಹಾಬಾದ್ ಕಲ್ಲು. ಒಂಚೂರು ಕೆರೆದು, ಆ ಪುಡಿಯ ಮೇಲೆ ಒಂದು ಹನಿ. ನೋಡಿ, ಸಣ್ಣ ಸಣ್ಣ ಗುಳ್ಳೆ ಏಳುತ್ತಿವೆ ಅಲ್ವಾ? ಈಗ ಅಂಗಳದ ಬಂಡೆ ಮೇಲೆ ಇನ್ನೊಂದು ಹನಿ. ಏನೂ ಇಲ್ಲ, ಸುಮ್ನೆ ಒದ್ದೆಯಾಯಿತು ಅಷ್ಟೇ.

ಸುಣ್ಣದಕಲ್ಲಿಗೆ ಹುಳಿ ತಾಗಿದರೆ ಕಾರ್ಬನ್ ಡೈಆಕ್ಸೈಡ್ ಹೀಗೆ ಗುಳ್ಳೆಯಾಗಿ ಹೊರಬರುತ್ತದೆ. ನಮ್ಮ ಅಂಗಳದಲ್ಲಿರುವಂಥ ಕೊಡಗಿನ ಬಂಡೆಗಳು ಸುಣ್ಣದಕಲ್ಲಲ್ಲ, ಭೂಮಿಯ ಆಳದಲ್ಲಿ ಬೆಂದು ಬಂದವು, ಸುಮಾರು 300 ಕೋಟಿ ವರ್ಷ ಹಳೆಯವು. ಶಹಾಬಾದ್ ಕಲ್ಲು ಕಲಬುರಗಿ ಕಡೆಯ ಸುಣ್ಣದಕಲ್ಲು. 50 ಕೋಟಿ ವರ್ಷಕ್ಕೂ ಹಿಂದೆ ಅಲ್ಲಿ ಸಮುದ್ರ ಇತ್ತು. ನೀರಲ್ಲಿ ಕರಗಿದ್ದ ಸುಣ್ಣ ನುಣ್ಣನೆ ಕೆಸರಾಗಿ ಪದರ ಪದರವಾಗಿ ಕೂತಿತು. ಅದಕ್ಕೇ ಈ ಕಲ್ಲು ಚಪ್ಪಡಿಯಾಗಿ ಸಲೀಸಾಗಿ ಸೀಳುತ್ತದೆ. ಇದರಲ್ಲಿ ಚಿಪ್ಪು ಹುಡುಕಬೇಡಿ, ಚಿಪ್ಪಿನ ಪ್ರಾಣಿಗಳೇ ಆಗಿನ್ನೂ ಹುಟ್ಟಿರಲಿಲ್ಲ. ಚಿಪ್ಪು ನೋಡಬೇಕಂದರೆ ತಮಿಳುನಾಡಿನ ಅರಿಯಲೂರಿಗೆ ಹೋಗಬೇಕು. ಅಲ್ಲಿ ಸುಮಾರು 7 ಕೋಟಿ ವರ್ಷದ ಹಿಂದಿನ ಸಿಂಪಿಗಳು ರಾಶಿ ರಾಶಿಯಾಗಿ ಕಲ್ಲಾಗಿವೆ. ಅವನ್ನು ಅಗೆದು ಸಿಮೆಂಟ್ ಮಾಡುತ್ತಾರೆ, ನನಗಂತೂ ಹೊಟ್ಟೆ ಉರಿಯುತ್ತದೆ.

ಎಲ್ಲ ಸಮುದ್ರದಲ್ಲೂ ಸುಣ್ಣದಕಲ್ಲು ಆಗುವುದಿಲ್ಲ. ಹೆಚ್ಚಾಗಿ ನೀರು ಬೆಚ್ಚಗಿದ್ದು, ಆಳ ಕಡಿಮೆ ಇರುವ ಕಡೆ ಆಗುತ್ತದೆ. ನದಿಯ ಮಣ್ಣು ಜಾಸ್ತಿ ಬಂದರೆ ಸುಣ್ಣದ ಜೊತೆ ಅದೂ ಕೂತು ಕಲ್ಲು ಕೆಡುತ್ತದೆ. ನಾಲ್ಕೈದು ಕಿಲೋಮೀಟರ್ ಆಳಕ್ಕೆ ಹೋದರೆ ಚಳಿ, ಒತ್ತಡ ಎರಡೂ ಸೇರಿ ಚಿಪ್ಪನ್ನೇ ಕರಗಿಸಿಬಿಡುತ್ತವೆ. ಕೂತಿದ್ದರ ಮೇಲೆ ಇನ್ನಷ್ಟು ಕೂತು, ಭಾರಕ್ಕೆ ನೀರು ಹಿಂಡಿಹೋಗಿ, ಕಣಗಳು ಒಂದಕ್ಕೊಂದು ಅಂಟಿಕೊಂಡರೆ ಕಲ್ಲು. ಆಮೇಲೆ ನೆಲ ಮೇಲೆದ್ದರೆ, ಇಲ್ಲ ಸಮುದ್ರ ಹಿಂದೆ ಸರಿದರೆ, ನಮ್ಮ ಕೈಗೆ ಸಿಗುತ್ತದೆ.

ಇನ್ನು ತೋಟದ ವಿಷಯ. ಇಲ್ಲಿನ ಮಳೆ ಗೊತ್ತಲ್ಲ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಕಾರ್ಬನ್ ಡೈಆಕ್ಸೈಡ್ ಹೀರಿ ಸ್ವಲ್ಪ ಹುಳಿಯಾಗುತ್ತದೆ. ಬಂಡೆಯನ್ನು ನಿಧಾನಕ್ಕೆ ತಿನ್ನುತ್ತದೆ, ಕ್ಯಾಲ್ಸಿಯಂ ತೊಳೆದುಕೊಂಡು ಹೋಗುತ್ತದೆ. ಮಣ್ಣು ಹುಳಿಯಾಗಿ ಕಾಫಿ ಗಿಡ ಸೊರಗುತ್ತದೆ. ಅದಕ್ಕೇ ಮಳೆ ನಿಂತ ಮೇಲೆ ತೋಟಕ್ಕೆ ಸುಣ್ಣ ಎರಚುವುದು. ಎಲ್ಲೋ ಸಮುದ್ರದ ತಳ ಆಗಿದ್ದದ್ದು ಮೂಟೆಯಲ್ಲಿ ಘಾಟಿ ಹತ್ತಿ ಬರುತ್ತದೆ.

ತೊಳೆದುಹೋದ ಕ್ಯಾಲ್ಸಿಯಂ ಕಾವೇರಿಗೆ ಸೇರುತ್ತದೆ. ಹೂಳು ಕನ್ನಂಬಾಡಿಯಲ್ಲಿ ತಡೆದು ನಿಲ್ಲಬಹುದು, ನೀರಲ್ಲಿ ಕರಗಿದ್ದು ಹಾಗೆ ನಿಲ್ಲುವುದಿಲ್ಲ. ಬಂಗಾಳ ಕೊಲ್ಲಿ ಮುಟ್ಟಿದಷ್ಟರಲ್ಲಿ ಸ್ವಲ್ಪವನ್ನು ಅಲ್ಲಿನ ಸಿಂಪಿಗಳು ಚಿಪ್ಪಿಗೆ ಬಳಸಿಕೊಳ್ಳುತ್ತವೆ.