ಕೊಳವೆಯೊಳಗೆ ಒಂದು ಬೆರಳು

ಕೇಳುಗರಿಗೆ ನಮಸ್ಕಾರ.

ದೊಡ್ಡ ಲಾರಿಗಳ ಹೊಗೆ ತಪಾಸಣೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ನನಗೆ ಕಲಿಸಿದ ಮೊದಲ ಪಾಠಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ಎರಡು ಲಾರಿ ಅಕ್ಕಪಕ್ಕ ನಿಂತಿದ್ದವು. ಒಂದೇ ಮಾದರಿ, ಒಂದೇ ವರ್ಷದವು. ಎಂಜಿನ್ ಆರಿ ತಣ್ಣಗಾಗಿತ್ತು. "ಬೆರಳು ಹಾಕಿ ನೋಡು" ಅಂದ. ಮೊದಲ ಲಾರಿಯ ಸೈಲೆನ್ಸರ್ ಕೊಳವೆಯೊಳಗೆ ತೋರುಬೆರಳು ತೂರಿಸಿ ಸುತ್ತ ಒಮ್ಮೆ ಒರೆಸಿದೆ. ಬೆರಳು ಹೋದ ಹಾಗೆಯೇ ಈಚೆ ಬಂತು, ಒಂದಿಷ್ಟು ಬೂದು ಧೂಳು ಬಿಟ್ಟರೆ ಏನೂ ಇಲ್ಲ. ಎರಡನೆಯದಕ್ಕೆ ಹಾಕಿದೆ. ಕಾಡಿಗೆ ಡಬ್ಬಿಗೆ ಅದ್ದಿದ ಹಾಗಾಯಿತು. ಸೋಪು ಹಾಕಿ ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಸಂಜೆವರೆಗೂ ಬಿಡಲಿಲ್ಲ. ಅಷ್ಟು ಹೊತ್ತಿಗೆ ಎರಡೂ ಲಾರಿಗಳು ತಪಾಸಣೆ ಮುಗಿಸಿಕೊಂಡು, ಸರ್ಟಿಫಿಕೇಟ್ ಹಿಡಿದುಕೊಂಡು ಹೊರಟುಹೋಗಿದ್ದವು. ಎರಡೂ ಪಾಸು.

ಅದು ಹೇಗೆ ಅಂತ ಅರ್ಥ ಮಾಡಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಇವತ್ತು ಅದನ್ನೇ ನಿಮ್ಮ ಮುಂದೆ ಬಿಡಿಸಿಡುತ್ತೇನೆ.

ಡೀಸೆಲ್ ಲಾರಿಯ ಹೊಗೆ ತಪಾಸಣೆ ನಡೆಯುವ ರೀತಿ ಬಹಳಷ್ಟು ಕಡೆ ಇವತ್ತಿಗೂ ಒಂದೇ. ಎಂಜಿನ್ ಚೆನ್ನಾಗಿ ಕಾದಿರಬೇಕು. ಗೇರು ನ್ಯೂಟ್ರಲ್. ಕೊಳವೆಗೆ ಒಂದು ಸಲಾಕೆ ಸಿಕ್ಕಿಸುತ್ತಾರೆ. ಚಾಲಕನಿಗೆ ಕೈಸನ್ನೆ. ಅವನು ಆಕ್ಸಿಲರೇಟರನ್ನು ಒಂದೇ ಏಟಿಗೆ ನೆಲ ಮುಟ್ಟುವಂತೆ ತುಳಿಯಬೇಕು. ಮೆಲ್ಲಗೆ ತುಳಿದರೆ ಲೆಕ್ಕಕ್ಕಿಲ್ಲ. ಎಂಜಿನ್ ತನ್ನ ಗರಿಷ್ಠ ವೇಗಕ್ಕೆ ಎಗರಿ ಆರ್ಭಟಿಸುತ್ತದೆ, ಶೆಡ್ಡಿನ ತಗಡುಗಳು ಅದುರುತ್ತವೆ, ಆಮೇಲೆ ಕಾಲು ತೆಗೆಯುತ್ತಾನೆ. ಕೊಳವೆಯಲ್ಲಿ ಕೂತಿದ್ದ ಹಳೆ ಮಸಿ ಹಾರಿಹೋಗಲಿ ಅಂತ ಮೊದಲು ಸುಮ್ಮನೆ ಒಂದೆರಡು ಸಲ, ಆಮೇಲೆ ಲೆಕ್ಕಕ್ಕೆ ಮೂರು ಸಲ. ಅಷ್ಟರಲ್ಲಿ ಯಂತ್ರ ನೋಡುವುದು ಒಂದನ್ನೇ. ಹೊಗೆಯ ಒಂದು ಬದಿಯಿಂದ ಬಿಟ್ಟ ಬೆಳಕಿನಲ್ಲಿ ಇನ್ನೊಂದು ಬದಿಗೆ ಎಷ್ಟು ದಾಟಿತು, ಎಷ್ಟು ತಡೆಯಿತು? ತಡೆದಷ್ಟೂ ಹೊಗೆ ಕಪ್ಪು.

ಹೀಗೆ ಒಮ್ಮೆಲೇ ಯಾಕೆ ತುಳಿಸುತ್ತಾರೆ? ಟರ್ಬೋ ಚಾರ್ಜರ್ ಗಿರ್ರೆಂದು ತಿರುಗಿ ಗಾಳಿ ಒದಗಿಸಲು ಕ್ಷಣಕಾಲ ಬೇಕು. ಡೀಸೆಲ್ ಮೊದಲೇ ಬಂದು ಬೀಳುತ್ತದೆ. ಗಾಳಿ ಸಾಲದ ಆ ಕ್ಷಣದಲ್ಲಿ ಎಂಜಿನ್ನಿನ ಹುಳುಕೆಲ್ಲ ಹೊರಬರುತ್ತದೆ. ಹಳೆಯ ಲಾರಿಗಳ ಕಾಲಕ್ಕೆ ಇದು ಬಲು ಜಾಣ ಪರೀಕ್ಷೆ, ಅದನ್ನು ಹಳಿಯುವ ಮನಸ್ಸು ನನಗಿಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ, ಡೀಸೆಲ್ ಚಿಮುಕಿಸುವ ಇಂಜೆಕ್ಟರ್ ತೊಟ್ಟಿಕ್ಕುತ್ತಿದ್ದರೆ, ಹೆಚ್ಚು ಶಕ್ತಿ ಬರಲೆಂದು ಯಾರೋ ಪಂಪಿನ ಸ್ಕ್ರೂ ತಿರುಗಿಸಿದ್ದರೆ ಕರಿಮೋಡವೇ ಎದ್ದು ನಿಲ್ಲುತ್ತಿತ್ತು. ಯುರೋಪಿನ ನಿಯಮದಲ್ಲಿ ಹಳೆಯ ಟರ್ಬೋ ಎಂಜಿನ್‌ಗೆ ಹೊಗೆ ಬೆಳಕನ್ನು ತಡೆಯುವ ಈ ಅಳತೆಯ ಮಿತಿ ಮೀಟರಿಗೆ 3.0. ಯೂರೋ 6, ಅಂದರೆ ಯುರೋಪಿನ ಹೊಗೆ ನಿಯಮದ ಆರನೇ ಹಂತದ ಲಾರಿಗೆ 0.7.

ಕಾಗದದ ಮೇಲೆ 0.7 ಬಹಳ ಬಿಗಿ ಅನ್ನಿಸುತ್ತದೆ. ಆದರೆ ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಇವತ್ತಿನ ಕಾಮನ್ ರೈಲ್ ಎಂಜಿನ್ ಅದನ್ನು 2,000 ಬಾರ್ ಮೀರಿದ ಒತ್ತಡದಲ್ಲಿ ಮಂಜಿನಂತೆ ಚಿಮುಕಿಸುತ್ತದೆ. ಅದರಿಂದ ಏಳುವ ಮಸಿ ಎಷ್ಟು ನುಣ್ಣಗಿರುತ್ತದೆಂದರೆ ಬೆಳಕು ಅದನ್ನು ದಾಟಿಕೊಂಡು ಹೋಗಿಬಿಡುತ್ತದೆ. ಮಸಿಯನ್ನು ಹಿಡಿಯಬೇಕಾದ ಫಿಲ್ಟರನ್ನೇ ಕಿತ್ತು ಬಿಸಾಡಿದರೂ ಇಂಥ ಲಾರಿ 0.7ರ ಒಳಗೇ ಬರಬಹುದು. ನನ್ನ ಎರಡನೇ ಲಾರಿಯ ಕಥೆಯೂ ಅದೇ. ಯಾರೋ ಫಿಲ್ಟರಿನ ಡಬ್ಬಿ ಕುಯ್ದು, ಒಳಗಿನ ಪಿಂಗಾಣಿ ತೆಗೆದು, ಡಬ್ಬಿಯನ್ನು ಮಾತ್ರ ನೀಟಾಗಿ ಬೆಸುಗೆ ಹಾಕಿ ಮುಚ್ಚಿದ್ದರು. ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿತ್ತು.

ಇನ್ನೂ ಒಂದಿದೆ. ನೈಟ್ರೋಜನ್ ಆಕ್ಸೈಡುಗಳು. ಹೊಗೆಯಲ್ಲಿ ಅವು ನೋಡುವವನ ಕಣ್ಣಿಗೂ ಬೀಳುವುದಿಲ್ಲ, ಬೆಳಕಿನ ಯಂತ್ರಕ್ಕೂ ಬೀಳುವುದಿಲ್ಲ. ಬಿಸಿಲಿನಲ್ಲಿ ಇವು ಓಝೋನ್ ಆಗುವ ದಾರಿ ಹಿಡಿಯುತ್ತವೆ, ಗಾಳಿಯಲ್ಲಿ ಹೊಸ ಕಣಗಳಾಗಿ ಗಟ್ಟಿಯಾಗುತ್ತವೆ. ಒಟ್ಟು ಡೀಸೆಲ್ ಹೊಗೆಯನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಡೀಸೆಲ್ ಎಂಜಿನ್ನಿನ ಕಷ್ಟವನ್ನೂ ಸ್ವಲ್ಪ ಹೇಳಬೇಕು. ಅದಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಅದುಮಿ ಅದುಮಿ ಕಾಯಿಸಿ, ಆ ಕಾವಿಗೆ ಡೀಸೆಲ್ ಚಿಮುಕಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಉರಿ ಜೋರಾದರೆ ಗಾಳಿಯಲ್ಲಿರುವ ನೈಟ್ರೋಜನ್ನೂ ಆಕ್ಸಿಜನ್ನೂ ಕೂಡಿಕೊಂಡು ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಹೋಗಲಿ, ಉರಿ ತಗ್ಗಿಸೋಣ ಅಂದರೆ ಮಸಿ ಏರುತ್ತದೆ, ಡೀಸೆಲ್ ಖರ್ಚೂ ಏರುತ್ತದೆ. ಅತ್ತ ದರಿ, ಇತ್ತ ಪುಲಿ. ಎಂಜಿನ್ ತಿರುಗುವ ಲೆಕ್ಕದಲ್ಲಿ ಇಂಜೆಕ್ಟರ್ ಕೆಲವೇ ಡಿಗ್ರಿ ಮೊದಲು ಬಾಯಿ ತೆರೆದರೆ ಡೀಸೆಲ್ ಉಳಿಯುತ್ತದೆ, ನೈಟ್ರೋಜನ್ ಆಕ್ಸೈಡಿನ ವಿಷ ಹೆಚ್ಚುತ್ತದೆ. ಆ ಕೆಲವು ಡಿಗ್ರಿಯ ಬೀಗದ ಕೈ ಈಗ ಇರುವುದು ಕಂಪ್ಯೂಟರ್ ಕೈಯಲ್ಲಿ.

ಕಂಪ್ಯೂಟರ್ ಬಂದ ಮೇಲೆ ಆಸೆಯೂ ಬಂತು. 1998ರಲ್ಲಿ ಅಮೆರಿಕದ ಸರ್ಕಾರ ಏಳು ಎಂಜಿನ್ ತಯಾರಕರ ಜೊತೆ ಒಂದು ರಾಜಿ ಮಾಡಿಕೊಂಡಿತು. ಸರ್ಕಾರದ ಆರೋಪ ಹೀಗಿತ್ತು: ಪ್ರಯೋಗಶಾಲೆಯ ಇಪ್ಪತ್ತು ನಿಮಿಷದ ಪರೀಕ್ಷೆಯಲ್ಲಿ ಎಂಜಿನ್ ಒಳ್ಳೆಯ ಹುಡುಗನ ಹಾಗೆ ನಡೆದುಕೊಳ್ಳುತ್ತದೆ. ಹೆದ್ದಾರಿಗೆ ಬಂದು ಒಂದೇ ವೇಗದಲ್ಲಿ ಓಡತೊಡಗಿದರೆ ಸಾಫ್ಟ್‌ವೇರ್ ಮೆಲ್ಲನೆ ಇನ್ನೊಂದು ಲೆಕ್ಕಕ್ಕೆ ಜಾರುತ್ತದೆ. ಡೀಸೆಲ್ ಉಳಿತಾಯ, ವಿಷ ಧಾರಾಳ. ಸುಮಾರು 13 ಲಕ್ಷ ಎಂಜಿನ್ನುಗಳ ಮಾತು ಅದು. ದಂಡವೇ 8 ಕೋಟಿ 34 ಲಕ್ಷ ಡಾಲರ್. ಕಾರುಗಳಲ್ಲಿ ಇಂಥದ್ದೇ ಕೈಚಳಕ ಬಯಲಾಗಿ 2015ರಲ್ಲಿ ಲೋಕವೆಲ್ಲ ಬೆಚ್ಚಿಬಿದ್ದಾಗ, ಲಾರಿ ಬಲ್ಲವರಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ.

ಒಂದು ವಿಚಿತ್ರ ಹೇಳಲೇಬೇಕು. ಲಾರಿಗೆ ಮೂಲದಲ್ಲಿ ಸಿಗುವ ಅನುಮೋದನೆ ಬಹುಪಾಲು ಲಾರಿಗೆ ಕೊಟ್ಟದ್ದಲ್ಲ, ಎಂಜಿನ್‌ಗೆ ಕೊಟ್ಟದ್ದು. ಒಂದೇ ಎಂಜಿನ್ ಒಂದು ಕಡೆ ಕಸದ ಲಾರಿಯಲ್ಲಿ, ಇನ್ನೊಂದು ಕಡೆ ಟ್ಯಾಂಕರಿನಲ್ಲಿ ಕೂರಬಹುದು. ಹಾಗಾಗಿ ಎಂಜಿನ್ನನ್ನು ಬಿಚ್ಚಿ ಕಟ್ಟೆಯ ಮೇಲೆ ಕೂರಿಸಿ, ಹೊರೆ ಕೊಟ್ಟು ಅಳೆಯುತ್ತಾರೆ. ಕಾರಿನ ಹಾಗೆ ಕಿಲೋಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ ಇಲ್ಲಿಲ್ಲ. ಎಂಜಿನ್ ಮಾಡಿದ ಕೆಲಸದ ಲೆಕ್ಕ, ಅಂದರೆ ಒಂದು ಕಿಲೋವ್ಯಾಟ್ ಗಂಟೆಗೆ ಇಷ್ಟು ಗ್ರಾಂ. 1992ರ ಸುಮಾರಿಗೆ ಬಂದ ಯೂರೋ 1ರಲ್ಲಿ ನೈಟ್ರೋಜನ್ ಆಕ್ಸೈಡಿನ ಮಿತಿ 8 ಗ್ರಾಂ. ಯೂರೋ 6ರಲ್ಲಿ, ವೇಗ ಏರಿಳಿಯುವ ಪರೀಕ್ಷೆಗೆ, 0.46 ಗ್ರಾಂ. ಲಾರಿಯೇ ಇಲ್ಲದೆ ಲಾರಿಯ ಪರೀಕ್ಷೆ ಅಂತ ನಾವು ಶೆಡ್ಡಿನಲ್ಲಿ ತಮಾಷೆ ಮಾಡುತ್ತಿದ್ದೆವು.

ಆ ತಮಾಷೆಗೆ ಯೂರೋ 6 ಉತ್ತರ ಕೊಟ್ಟಿತು. ಅಳೆಯುವ ಯಂತ್ರವನ್ನೇ ಲಾರಿಗೆ ಕಟ್ಟಿ, ಹೊರೆ ಹೇರಿ, ಊರೊಳಗೆ, ಹಳ್ಳಿ ರಸ್ತೆಯಲ್ಲಿ, ಹೆದ್ದಾರಿಯಲ್ಲಿ ಓಡಿಸಿ ನೋಡಿ ಎಂದಿತು. ಅಲ್ಲಿಯವರೆಗೆ ಕಾಣದಿದ್ದದ್ದು ಆಗ ಕಂಡಿತು. ಹೊಗೆಗೆ ಯೂರಿಯಾ ದ್ರಾವಣ ಚಿಮುಕಿಸಿ ನೈಟ್ರೋಜನ್ ಆಕ್ಸೈಡಿನ ವಿಷ ಅಳಿಸುವ ವ್ಯವಸ್ಥೆ ಚುರುಕಾಗಲು ಹೊಗೆಗೆ ಹತ್ತಿರ ಹತ್ತಿರ 200 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಹೆದ್ದಾರಿಯಲ್ಲಿ ಅದು ಸಲೀಸು. ಟ್ರಾಫಿಕ್ಕಿನಲ್ಲಿ ಖಾಲಿ ಲಾರಿ ತೆವಳುವಾಗ, ಬಂದರಿನ ಸಾಲಿನಲ್ಲಿ ಗಂಟೆಗಟ್ಟಲೆ ನಿಂತಾಗ ಕೊಳವೆ ತಣ್ಣಗಾಗುತ್ತದೆ, ಯೂರಿಯಾ ಚಿಮ್ಮುವುದು ನಿಲ್ಲುತ್ತದೆ. ಜನ ದಟ್ಟವಾಗಿ ಉಸಿರಾಡುವ ಜಾಗದಲ್ಲೇ ಯಂತ್ರ ನಿದ್ದೆಹೋಗುತ್ತದೆ.

ಇನ್ನು ಚಾಲಕನ ಕಡೆಗೆ ಬರೋಣ. ನಿಯಮದ ಮಾತಾಡುವವರು ಅವನನ್ನು ಮರೆಯುವುದೇ ಹೆಚ್ಚು. ಇಂದಿನ ಲಾರಿಯ ಸೈಲೆನ್ಸರ್ ಜಾಗದಲ್ಲಿ ಕೂತಿರುವುದು ಒಂದು ಸಣ್ಣ ರಾಸಾಯನಿಕ ಕಾರ್ಖಾನೆ. ಮೊದಲು ಮಸಿ ಹಿಡಿಯುವ ಫಿಲ್ಟರ್. ಜೇನುಗೂಡಿನಂಥ ಪಿಂಗಾಣಿ, ಒಂದು ಬಿಟ್ಟು ಒಂದು ಕಿಂಡಿಯ ಬಾಯಿ ಮುಚ್ಚಿರುತ್ತದೆ. ಹೊಗೆ ಗೋಡೆಯನ್ನೇ ಸೋಸಿಕೊಂಡು ದಾಟಬೇಕು, ಮಸಿ ಗೋಡೆಗೆ ಅಂಟುತ್ತದೆ. ತುಂಬಿದಾಗ ಸುಮಾರು 600 ಡಿಗ್ರಿಗೆ ಕಾಯಿಸಿ ಸುಟ್ಟುಕೊಳ್ಳುತ್ತದೆ. ಆಗ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಹತ್ತುತ್ತದೆ. ಸರಕು ಇಳಿಸುವ ಅವಸರದಲ್ಲಿರುವ ಚಾಲಕ ಸುಡುವುದನ್ನು ತಡೆಯುವ ಗುಂಡಿ ಒತ್ತಿ ಅದನ್ನು ಆರಿಸುತ್ತಾನೆ. ಮತ್ತೆ ಹತ್ತುತ್ತದೆ, ಮತ್ತೆ ಆರಿಸುತ್ತಾನೆ. ನಾಲ್ಕನೇ ಸಲಕ್ಕೆ ಫಿಲ್ಟರ್ ಕಟ್ಟಿಕೊಂಡು ಎಂಜಿನ್ ಏದುಸಿರು ಬಿಡುತ್ತದೆ.

ಫಿಲ್ಟರಿನ ಹಿಂದೆ ಯೂರಿಯಾ. ನೀರಿನಲ್ಲಿ 32.5 ಶೇಕಡಾ ಕರಗಿಸಿದ ಶುದ್ಧ ಯೂರಿಯಾ. ಇಷ್ಟೇ ಪ್ರಮಾಣ ಯಾಕೆ ಅಂದರೆ, ಈ ಅಳತೆಯಲ್ಲಿ ಅದು ಮೈನಸ್ 11 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ. ಸ್ವಲ್ಪ ಹೆಚ್ಚಾದರೂ, ಕಡಿಮೆಯಾದರೂ ಬೇಗ ಹೆಪ್ಪಾಗುತ್ತದೆ. ಹೊಲಕ್ಕೆ ಹಾಕುವ ಗೊಬ್ಬರವನ್ನು ನಲ್ಲಿ ನೀರಿನಲ್ಲಿ ಕದಡಿ ಸುರಿದವರನ್ನು ಕಂಡಿದ್ದೇನೆ. ನಳಿಗೆಯ ತುದಿಯಲ್ಲಿ ಸುಣ್ಣದಂಥ ಬಿಳಿ ಹರಳು ಕಟ್ಟಿ, ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಕೈಬಿಟ್ಟಿತ್ತು.

ಯೂರಿಯಾ ಮುಗಿದರೆ ಅಥವಾ ಯಾರಾದರೂ ಕೈಯಾಡಿಸಿದರೆ ಲಾರಿ ತಾನೇ ಶಿಕ್ಷೆ ಕೊಡುತ್ತದೆ. ಯೂರೋ 6ರಲ್ಲಿ ಮೊದಲು ಎಳೆಯುವ ಶಕ್ತಿಯ ಕಾಲು ಭಾಗ ಕಡಿತ. ಆಮೇಲೂ ಸರಿಪಡಿಸದಿದ್ದರೆ ಗಂಟೆಗೆ 20 ಕಿಲೋಮೀಟರು, ಅದರ ಮೇಲೆ ಒಂದಡಿ ಇಲ್ಲ. ಯೋಚನೆ ಸರಿಯಾದದ್ದೇ. ಆದರೆ ಯೂರಿಯಾ ತೊಟ್ಟಿ ತುಂಬಿದೆ, ಹೊಗೆ ಚೊಕ್ಕವಾಗಿದೆ, ಕೆಟ್ಟದ್ದು ಬೆರಳುದ್ದದ ಒಂದು ಸೆನ್ಸರ್ ಮಾತ್ರ ಅಂದುಕೊಳ್ಳಿ. ಅದಕ್ಕೂ ಅದೇ ಶಿಕ್ಷೆ. ಘಟ್ಟದ ನಡುವೆ ರಾತ್ರಿ ಆಮೆಯಂತೆ ಹತ್ತಬೇಕಾಗಿ ಬಂದ ಚಾಲಕ ಮಾರನೇ ದಿನ ಎಲ್ಲಿಗೆ ಹೋಗುತ್ತಾನೆ? ಈ ವ್ಯವಸ್ಥೆಯನ್ನೇ ಕಿತ್ತುಹಾಕಿಕೊಡುವವನ ಹತ್ತಿರ. ಎಲ್ಲವೂ ಸರಿಯಿದೆ ಅಂತ ಕಂಪ್ಯೂಟರಿಗೆ ಸುಳ್ಳು ಹೇಳುವ, ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿಯನ್ನು ಅವನು ಸಿಕ್ಕಿಸಿಕೊಡುತ್ತಾನೆ. ತಪ್ಪು ಚಾಲಕನದೇ, ಆದರೆ ಆ ದಾರಿಗೆ ಅವನನ್ನು ತಳ್ಳಿದ್ದರಲ್ಲಿ ನಿಯಮದ ಒರಟುತನಕ್ಕೂ ಪಾಲಿದೆ ಅಂತ ನನ್ನ ಅನಿಸಿಕೆ.

ಹಾಗಾದರೆ ಹಿಡಿಯುವುದು ಹೇಗೆ? ಒಂದು ದಾರಿ, ಲಾರಿಯ ಕಂಪ್ಯೂಟರನ್ನೇ ಕೇಳುವುದು. ಕ್ಯಾಲಿಫೋರ್ನಿಯಾದಲ್ಲಿ 2013 ಮತ್ತು ಆಮೇಲಿನ ಡೀಸೆಲ್ ಎಂಜಿನ್ ಇರುವ ದೊಡ್ಡ ಲಾರಿಗಳಿಗೆ ತಂತಿ ಜೋಡಿಸಿ ಕಂಪ್ಯೂಟರಿನ ದಾಖಲೆ ಓದುತ್ತಾರೆ. 2025ರಿಂದ ವರ್ಷಕ್ಕೆ ಎರಡು ಸಲ. ಅಲ್ಲಿ ಓಡುವ ಹೊರ ರಾಜ್ಯದ ಲಾರಿಗೂ ಬಿಡುಗಡೆಯಿಲ್ಲ. ಇದರಲ್ಲೂ ಒಂದು ಹಳೆ ಆಟವಿದೆ. ತಪಾಸಣೆಗೆ ಬರುವ ಮುಂಚೆ ದಾರಿಬದಿಯಲ್ಲಿ ಸ್ಕ್ಯಾನರ್ ಹಾಕಿ ತಪ್ಪಿನ ದಾಖಲೆಯನ್ನೆಲ್ಲ ಅಳಿಸುವುದು. ದೀಪ ಆರುತ್ತದೆ. ಆದರೆ ಅದರ ಜೊತೆಗೆ ಕಂಪ್ಯೂಟರ್ ತನ್ನ ಒಂದೊಂದು ಅಂಗವನ್ನೂ ಪರೀಕ್ಷಿಸಿ ಬರೆದುಕೊಂಡಿದ್ದ ಟಿಪ್ಪಣಿಯೂ ಅಳಿಸಿಹೋಗುತ್ತದೆ. ಓದುವವನಿಗೆ "ಪರೀಕ್ಷೆ ಇನ್ನೂ ಮುಗಿದಿಲ್ಲ" ಅಂತ ಸಾಲುಸಾಲಾಗಿ ಕಾಣುತ್ತದೆ. ಹಲಗೆ ಹೀಗೆ ಬರಿದಾಗಿದ್ದರೆ ಸಾಕು, ಯಾರೋ ಈಗ ತಾನೇ ಒರೆಸಿದ್ದಾರೆಂದು ಗೊತ್ತಾಗುತ್ತದೆ. ನಾಲ್ಕು ದಿನ ಓಡಿಸಿಕೊಂಡು ಬಾ ಅಂತ ವಾಪಸ್ ಕಳಿಸುತ್ತಾರೆ.

ಇನ್ನೊಂದು ದಾರಿ, ಹೊಗೆಯಲ್ಲಿರುವ ಕಣಗಳನ್ನು ಒಂದೊಂದಾಗಿ ಎಣಿಸುವುದು. ಬೆಲ್ಜಿಯಂ 2022ರ ಜುಲೈನಲ್ಲಿ, ನೆದರ್ಲೆಂಡ್ಸ್ 2023ರ ಜನವರಿಯಲ್ಲಿ, ಜರ್ಮನಿ 2023ರ ಜುಲೈನಲ್ಲಿ ಇದನ್ನು ನಿಯತ ತಪಾಸಣೆಗೆ ತಂದವು. ಇಲ್ಲಿ ಆರ್ಭಟವಿಲ್ಲ, ತಗಡು ಅದುರುವುದಿಲ್ಲ. ಎಂಜಿನ್ ಸುಮ್ಮನೆ ಗುನುಗುತ್ತಿರುತ್ತದೆ, ಕೊಳವೆಗೆ ಒಂದು ನಳಿಗೆ, ಕೆಲವು ಸೆಕೆಂಡು, ಮುಗಿಯಿತು. ಒಂದು ಘನ ಸೆಂಟಿಮೀಟರ್ ಹೊಗೆಯಲ್ಲಿ ನೆದರ್ಲೆಂಡ್ಸಿನ ಮಿತಿ 10 ಲಕ್ಷ ಕಣ, ಜರ್ಮನಿಯದು ಎರಡೂವರೆ ಲಕ್ಷ. ಸಂಖ್ಯೆ ದೊಡ್ಡದು ಅನ್ನಬೇಡಿ. ಗಟ್ಟಿಮುಟ್ಟಾದ ಫಿಲ್ಟರ್ ಇದ್ದರೆ ಲಾರಿಯ ಕೊಳವೆಯಿಂದ ಬರುವ ಕಣಗಳು ಸುತ್ತಲಿನ ಗಾಳಿಯಲ್ಲಿರುವುದಕ್ಕಿಂತ ಕಡಿಮೆ ಇದ್ದರೂ ಇರಬಹುದು.

ಆ ಎರಡನೇ ಲಾರಿಯ ಮಾಲೀಕನನ್ನು ಬೈದು ಮಾತು ಮುಗಿಸುವುದು ಸುಲಭ. ಆದರೆ ಫಿಲ್ಟರ್ ಯಾಕೆ ಕಟ್ಟಿಕೊಂಡಿತು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಟರ್ಬೋದ ಸೀಲು ಸೋರಿ ಎಂಜಿನ್ ಆಯಿಲ್ ಹೊಗೆಗೆ ಸೇರುತ್ತಿತ್ತು. ಮಸಿ ಸುಡುತ್ತದೆ, ಆಯಿಲ್ ಬಿಟ್ಟುಹೋಗುವ ಬೂದಿ ಎಷ್ಟು ಕಾಯಿಸಿದರೂ ಸುಡುವುದಿಲ್ಲ. ಅದನ್ನು ಫಿಲ್ಟರ್ ಬಿಚ್ಚಿ ಗಾಳಿ ಊದಿಯೇ ತೆಗೆಯಬೇಕು. ಮನೆಯಲ್ಲಿ ನೀರಿನ ಪೈಪು ಹಿಡಿದರೆ ಪಿಂಗಾಣಿ ಹಾಳಾಗುತ್ತದೆ. ಫಿಲ್ಟರ್ ಕಿತ್ತ ಮೇಲೂ ಟರ್ಬೋ ಸೋರುತ್ತಲೇ ಇತ್ತು. ಭಾರಿ ಲಾರಿಯ ಹೊಗೆ ವ್ಯವಸ್ಥೆ 7 ಲಕ್ಷ ಕಿಲೋಮೀಟರ್ ಅಥವಾ 7 ವರ್ಷದವರೆಗೆ ಹೊಗೆಯ ಮಿತಿಯನ್ನು ಮೀರದೆ ಬಾಳಬೇಕೆಂದು ಯೂರೋ 6 ತಯಾರಕನಿಗೆ ಹೇಳುತ್ತದೆ. ಆ 7 ಲಕ್ಷದ ಒಂದೊಂದು ಕಿಲೋಮೀಟರೂ ಸೋರುವ ಸೀಲಿನಂಥ ಸಣ್ಣಪುಟ್ಟ ರಿಪೇರಿಗಳ ಮೇಲೆ ನಿಂತಿರುತ್ತದೆ.

ಕೆಲವು ವರ್ಷ ಕಳೆದು ಅದೇ ಲಾರಿ ಮತ್ತೆ ನಮ್ಮ ಶೆಡ್ಡಿಗೆ ಬಂತು. ಅಷ್ಟರಲ್ಲಿ ನಮಗೂ ಕಣ ಎಣಿಸುವ ಯಂತ್ರ ಬಂದಿತ್ತು. ನಳಿಗೆ ಸಿಕ್ಕಿಸಿದೆ. ಪರದೆಯ ಮೇಲೆ ಸಂಖ್ಯೆ ಏರುತ್ತಾ ಏರುತ್ತಾ ಏಳಂಕಿಗೆ ಹೋಗಿ ನಿಂತಿತು. ನೋಡಿ ಅಂತ ಹಿರಿಯ ಮೆಕ್ಯಾನಿಕ್ ಕಡೆ ತಿರುಗಿದೆ. ಅವನು ಪರದೆಯ ಕಡೆ ಕಣ್ಣೆತ್ತಲೂ ಇಲ್ಲ. ಒಂದು ಹಳೆ ಬಟ್ಟೆಯಲ್ಲಿ ತೋರುಬೆರಳು ಒರೆಸಿಕೊಳ್ಳುತ್ತಿದ್ದ.

ನಮಸ್ಕಾರ.