ಹಾಡು ನಿಂತ ಮೇಲೆ ಹಾಡುವವರು ಯಾರು?

ಇಷ್ಟವೇ ಇಲ್ಲದ ಹಾಡೊಂದರ ಎರಡು ಸಾಲು ಬೆಳಗಿನಿಂದ ಸಂಜೆಯವರೆಗೆ ತಲೆಯಲ್ಲಿ ಸುತ್ತುತ್ತಿದ್ದರೆ ನಾವು ಮೊದಲು ಹಾಡನ್ನು ಬೈಯುತ್ತೇವೆ, ಆಮೇಲೆ ನಮ್ಮ ಮನಸ್ಸಿನ ದೌರ್ಬಲ್ಯವನ್ನು ಹಳಿದುಕೊಳ್ಳುತ್ತೇವೆ. ಈ ಎರಡು ದೂರುಗಳಲ್ಲಿ ಒಂದೂ ನ್ಯಾಯವಾದುದಲ್ಲ ಎಂಬುದು ನನ್ನ ವಾದ.

ಜರ್ಮನ್ನರು ಇದನ್ನು ‘ಕಿವಿಯ ಹುಳು’ ಎಂದು ಕರೆದರು; ಇಂಗ್ಲಿಷಿನವರು ಆ ಮಾತನ್ನೇ ತಮ್ಮದಾಗಿಸಿಕೊಂಡರು. ಹುಳು ಎಂದೊಡನೆ ಹೊರಗಿನಿಂದ ನುಸುಳಿ ಬಂದು ಕೊರೆಯುವ ಜೀವಿಯ ಚಿತ್ರ ಮೂಡುತ್ತದೆ. ಕನ್ನಡದಲ್ಲಿ ನಾವು ಹಾಡಿನ ‘ಗುಂಗು ಹಿಡಿದಿದೆ’ ಎನ್ನುತ್ತೇವೆ. ಗುಂಗು ಎಂದರೆ ಸದ್ದೂ ಹೌದು, ಅದರಲ್ಲಿ ಮುಳುಗಿರುವ ಮನಸ್ಸಿನ ಸ್ಥಿತಿಯೂ ಹೌದು. ಪ್ರಯೋಗಗಳು ತೋರಿಸಿಕೊಟ್ಟಿರುವುದಕ್ಕೆ ನಮ್ಮ ಪದವೇ ಹೆಚ್ಚು ಹತ್ತಿರವಾಗಿದೆ ಎಂದು ನನಗನ್ನಿಸುತ್ತದೆ.

2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ನೋಡಿ. ಮಿದುಳಿನ ಸ್ಕ್ಯಾನ್ ನಡೆಯುತ್ತಿರುವಾಗಲೇ ಜನರಿಗೆ ಹಾಡುಗಳನ್ನು ಕೇಳಿಸಿ, ನಡುನಡುವೆ ಕೆಲವು ಸೆಕೆಂಡುಗಳ ಭಾಗವನ್ನು ಕತ್ತರಿಸಿ ಅಲ್ಲಿ ಮೌನವನ್ನಿಡಲಾಗಿತ್ತು. ಹಾಡು ಪರಿಚಿತವಾಗಿದ್ದರೆ, ಮಿದುಳಿನಲ್ಲಿ ಶ್ರವಣಕ್ಕೆ ಸಂಬಂಧಿಸಿದ ಭಾಗಗಳು ಅಪರಿಚಿತ ಹಾಡಿನ ಮೌನದಲ್ಲಿ ಇದ್ದುದಕ್ಕಿಂತ ಈ ಮೌನದಲ್ಲಿ ಹೆಚ್ಚು ಚುರುಕಾಗಿದ್ದವು. ಹಾಡು ಒಳಗೇ ಮುಂದುವರಿದಂತೆ ಕೇಳಿಸಿತೆಂದು ಅವರು ಹೇಳಿದರು. ಮನಸ್ಸಿನಲ್ಲಿ ಹಾಡಿಕೊಳ್ಳಿ ಎಂದು ಅವರಿಗೆ ಯಾರೂ ಸೂಚಿಸಿರಲಿಲ್ಲ. ಅಂದರೆ, ಗೊತ್ತಿರುವ ಹಾಡು ನಡುವೆ ನಿಂತರೆ ಮನಸ್ಸು ತಾನಾಗಿಯೇ ಅದನ್ನು ಪೂರ್ತಿಗೊಳಿಸಲು ಹೊರಡುತ್ತದೆ.

ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ನಿದ್ರೆಯ ಅಧ್ಯಯನವೊಂದು ಇದಕ್ಕೆ ಒಳ್ಳೆಯ ಪುಷ್ಟಿ ಕೊಡುತ್ತದೆ. ಮಲಗುವ ಮುನ್ನ ಕೆಲವರಿಗೆ ಜನಪ್ರಿಯ ಹಾಡುಗಳನ್ನೂ ಉಳಿದವರಿಗೆ ಅವೇ ಹಾಡುಗಳ ಸಾಹಿತ್ಯವಿಲ್ಲದ ವಾದ್ಯರೂಪವನ್ನೂ ಕೇಳಿಸಿದಾಗ, ಹೆಚ್ಚು ಗುಂಗು ಹಿಡಿದದ್ದು ವಾದ್ಯರೂಪ ಕೇಳಿದವರಿಗೆ. ಮಾತಿಲ್ಲದ ರಾಗ ಮನಸ್ಸಿಗೆ ಹಿತ ಎಂದು ನಂಬಿ ರಾತ್ರಿ ಅದನ್ನೇ ಹಾಕಿಕೊಂಡು ಮಲಗುತ್ತಿದ್ದ ನನಗೆ ಇದು ಸ್ವಲ್ಪ ಮುಜುಗರದ ಸುದ್ದಿ. ಬಿಟ್ಟುಹೋದ ಸಾಲುಗಳನ್ನು ಮನಸ್ಸೇ ತುಂಬಿಸಿಕೊಳ್ಳಲು ಹೊರಟಿತೆಂದು ನಾನು ಊಹಿಸುತ್ತೇನೆ.

ಹಾಗೆಂದು ಹಾಡಿನ ಪಾಲು ಏನೂ ಇಲ್ಲವೆಂದಲ್ಲ. ಸುಮಾರು 3000 ಜನರ ಉತ್ತರಗಳನ್ನು ಆಧರಿಸಿದ ಬ್ರಿಟನ್ನಿನ ಅಧ್ಯಯನವೊಂದರ ಪ್ರಕಾರ, ಗುಂಗು ಹಿಡಿಸುವ ಹಾಡುಗಳ ಗತಿ ಚುರುಕಾಗಿರುತ್ತದೆ, ರಾಗದ ಏರಿಳಿತ ಎಲ್ಲರಿಗೂ ರೂಢಿಯಾದದ್ದಾಗಿರುತ್ತದೆ, ಆದರೆ ಎಲ್ಲೋ ಒಂದೆಡೆ ಸ್ವರಗಳ ನಡುವೆ ಅನಿರೀಕ್ಷಿತ ಜಿಗಿತವಿರುತ್ತದೆ. ಜಾಹೀರಾತಿಗೆ ರಾಗ ಕಟ್ಟುವವರು ಯಾವ ಅಧ್ಯಯನವನ್ನೂ ಓದದೆಯೇ ಇದನ್ನು ಬಹಳ ಹಿಂದೆಯೇ ಅರಿತಿದ್ದಿರಬೇಕು.

ಆದರೆ ಇಡೀ ಹಾಡು ಸುತ್ತದೆ ತುಣುಕು ಮಾತ್ರ ಏಕೆ ಸುತ್ತುತ್ತದೆ? ಚರಣ ಮುಗಿದೊಡನೆ ಪಲ್ಲವಿಗೆ ಮರಳುವುದು ಹಾಡಿನ ಕಟ್ಟಡದಲ್ಲೇ ಇದೆ. ನಮ್ಮಲ್ಲಿ ಬಹುತೇಕರಿಗೆ ಪಲ್ಲವಿ ಪೂರ್ತಿಯಾಗಿ ಗೊತ್ತು, ಚರಣ ಅರೆಬರೆ. ಹಾಡನ್ನು ಪೂರ್ತಿಗೊಳಿಸಲು ಹೊರಟ ಮನಸ್ಸು, ಪದ ಮರೆತಲ್ಲಿ ಎಡವಿ, ಗೊತ್ತಿರುವ ಏಕೈಕ ದಾರಿಯಾದ ಪಲ್ಲವಿಗೇ ಹಿಂತಿರುಗುತ್ತದೆ. ಇದು ನನ್ನ ವಿವರಣೆಯಷ್ಟೇ; ಆದರೆ ನಿಮ್ಮ ತಲೆಯಲ್ಲಿ ಈಗ ಸುತ್ತುತ್ತಿರುವ ಹಾಡಿನ ಎರಡನೆಯ ಚರಣವನ್ನು ಹೇಳಲು ಪ್ರಯತ್ನಿಸಿ ನೋಡಿ.

ಬಲವಂತವಾಗಿ ಓಡಿಸಲು ಹೋದರೆ ಗುಂಗು ಬಿಡುವುದಿಲ್ಲ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರಿಗೆ ಮತ್ತೆಮತ್ತೆ ಕರಡಿಯೇ ನೆನಪಾಗುತ್ತದೆಂದು ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲೇ ತೋರಿಸಿದ್ದರು. 2015ರಲ್ಲಿ ರೆಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡ ಉಪಾಯ ತಮಾಷೆಯೆನಿಸಿದರೂ ಅದಕ್ಕಿಂತ ಮೇಲು: ಚೂಯಿಂಗ್ ಗಮ್ ಅಗಿಯುತ್ತಿದ್ದವರಿಗೆ ಹಾಡು ಕಡಿಮೆ ಬಾರಿ ನೆನಪಾಯಿತು. ಒಳಗಿನ ಹಾಡುಗಾರನೂ ಮಾತಿಗೆ ಬೇಕಾದ ದವಡೆ, ನಾಲಿಗೆಗಳ ಸಿದ್ಧತೆಯನ್ನೇ ನೆಚ್ಚಿಕೊಂಡಿರುತ್ತಾನೆ. ಅವು ಬೇರೆ ಕೆಲಸದಲ್ಲಿ ತೊಡಗಿದರೆ ಅವನ ದನಿ ಕುಗ್ಗುತ್ತದೆ.

ನನ್ನದು ಬೇರೆ ದಾರಿ. ಹಾಡನ್ನು ಹುಡುಕಿ, ಕಣ್ಣೆದುರು ಸಾಹಿತ್ಯವನ್ನಿಟ್ಟುಕೊಂಡು, ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳುತ್ತೇನೆ. ಹೆಚ್ಚಿನ ಸಲ ಅದು ಅಲ್ಲಿಗೆ ತಣ್ಣಗಾಗುತ್ತದೆ. ಕೆಲವೊಮ್ಮೆ ಮಾತ್ರ ಹೊಸದಾಗಿ ಕಲಿತ ಚರಣವೂ ಗುಂಗಿನಲ್ಲಿ ಸೇರಿಕೊಂಡು, ಸುತ್ತು ಇನ್ನಷ್ಟು ಉದ್ದವಾಗುತ್ತದೆ.