ಬೆಲ್ಲದ ಡಬ್ಬಿ ಬಚ್ಚಿಟ್ರೆ ಅಪ್ಪನ ಶುಗರ್ ಇಳಿಯುತ್ತಾ? | ಕಂಟ್ರೋಲ್ ಮಾಡೋ ಚಟ ಮತ್ತೆ ಕೇಳಿಸ್ಕೊಳ್ಳೋದು

ನಮಸ್ಕಾರ ಎಲ್ರಿಗೂ.

ಮನೇಲಿ ಯಾರಿಗಾದ್ರೂ ಶುಗರ್ ಇದ್ರೆ ಇನ್ನೊಬ್ರು ಯಾರಾದ್ರೂ ಶುಗರ್ ಪೊಲೀಸ್ ಆಗಿರ್ತಾರೆ, ಗಮನಿಸಿದೀರಾ? ಬೆಲ್ಲದ ಡಬ್ಬಿ ಅಟ್ಟದ ಮೇಲೆ, ಮದುವೆ ಊಟಕ್ಕೆ ಹೋದ್ರೆ ಪಕ್ಕದಲ್ಲೇ ಕೂತು ಎಲೆ ಮೇಲೆ ಒಂದು ಕಣ್ಣು, ಹೋಳಿಗೆ ಬಡಿಸೋರು ಬಂದ್ರೆ ಅವ್ರ ಪರವಾಗಿ ಇವ್ರೇ "ಬೇಡ ಬೇಡ ಅವ್ರಿಗೆ ಶುಗರ್ರು" ಅಂತ ಕೈ ಅಡ್ಡ ಹಿಡಿಯೋದು. 2023ರಲ್ಲಿ ಬಂದ ಐಸಿಎಂಆರ್ ಸ್ಟಡಿ ಪ್ರಕಾರ ನಮ್ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಡಯಾಬಿಟಿಸ್ ಇದೆ, ಅಂದ್ರೆ ಪೊಲೀಸರ ಸಂಖ್ಯೆ ಎಷ್ಟಿರ್ಬೋದು ನೀವೇ ಲೆಕ್ಕ ಹಾಕ್ಕೊಳ್ಳಿ.

ಇವತ್ತಿನ ವಿಡಿಯೋ ಈ ಪೊಲೀಸರಿಗೆ. ಪ್ರೀತಿಯಿಂದಾನೇ ಮಾಡ್ತಿರ್ತೀರ, ಅದ್ರಲ್ಲಿ ಡೌಟೇ ಇಲ್ಲ, ಆದ್ರೂ ಯಾಕೆ ವರ್ಕ್ ಆಗ್ತಿಲ್ಲ ಅಂತ ನೋಡೋಣ.

ಒಂದು ಮನೆ ಕಲ್ಪಿಸ್ಕೊಳ್ಳಿ. ದಾವಣಗೆರೆ ಅಂತ ಇಟ್ಕೊಳ್ಳಿ. ಅಪ್ಪಾಜಿ ಬಸ್ ಕಂಡಕ್ಟರ್ ಆಗಿದ್ದು ರಿಟೈರ್ ಆಗಿದಾರೆ, ಶುಗರ್ ಬಂದು ಸುಮಾರು ವರ್ಷ ಆಯ್ತು, ಮಗಳು ಗಂಡ ಮಗು ಜೊತೆ ಅದೇ ಮನೇಲಿ ಇದಾಳೆ. ಸಂಜೆ ಅಪ್ಪಾಜಿ ಬಾಗಿಲಲ್ಲಿ ಚಪ್ಪಲಿ ಬಿಡ್ತಿದಾರೆ.

[ಸ್ಕ್ರೀನ್: ಮೊದಲನೇ ಮಾತುಕತೆ]

"ಎಲ್ಲಿಗೆ ಹೋಗಿದ್ರಿ ಅಪ್ಪಾಜಿ?"
"ಸುಮ್ನೆ ಹಂಗೇ ವಾಕಿಂಗ್ ಹೋಗಿದ್ನಮ್ಮ."
"ಶರ್ಟ್ ಮೇಲೆ ಮಂಡಕ್ಕಿ ಇದೆ."
(ಅಪ್ಪಾಜಿ ಬಗ್ಗಿ ನೋಡ್ಕೊಂಡು ಮಂಡಕ್ಕಿ ಕೊಡವ್ತಾರೆ.)
"ತಿಂದೆ. ಏನೀಗ? ಇನ್ನೆಷ್ಟು ದಿನ ಇರ್ತೀನಿ. ರಾತ್ರಿ ನಾಲ್ಕ್ ಸಲ ಎದ್ದೇಳೋದೊಂದು ಬಿಟ್ರೆ ನಂಗೇನೂ ತೊಂದ್ರೆ ಇಲ್ಲ."
"ಏನೂ ತೊಂದ್ರೆ ಇಲ್ವಾ? ಫಾಸ್ಟಿಂಗ್ 190 ಬಂದಿದೆ! ಹಿಂದಿನ ಬೀದಿ ಮಾವನ ಕಾಲು ತೆಗೆದ್ರಲ್ಲ, ಅವ್ರೂ ಹಿಂಗೇ ಅಂತಿದ್ರು. ನಿಮ್ಗೆ ಎಷ್ಟು ಹೇಳಿದ್ರೂ ಅಷ್ಟೇ, ನಾಳೆಯಿಂದ ಸಂಜೆ ಆಚೆ ಹೋಗೋ ಹಂಗಿಲ್ಲ."
"ಆಯ್ತು ಬಿಡಮ್ಮ, ಮನೇಲೇ ಸಾಯ್ತೀನಿ."

ಟಿವಿ ಆನ್. ಮುಗೀತು.

ಮಗಳ ಆ ಒಂದು ಉಸಿರಿನ ಮಾತಲ್ಲಿ ಮೂರು ವಿಷ್ಯ ಒಟ್ಟಿಗೇ ಬಂದೋಯ್ತು ನೋಡಿ. "ಎಷ್ಟು ಹೇಳಿದ್ರೂ ಅಷ್ಟೇ" ಅನ್ನೋ ನೆಗೆಟಿವ್ ಮಾತು, "ಆಚೆ ಹೋಗೋ ಹಂಗಿಲ್ಲ" ಅನ್ನೋ ಕಂಟ್ರೋಲು, ನಾನು ಹಾಕಿದ ರೂಲ್ ಅಂದ್ರೆ ರೂಲ್ ಅನ್ನೋ ಹಠ. ನಾವು ಇವನ್ನ ಬೇರೆ ಬೇರೆ ಕೆಟ್ಟ ಗುಣ ಅಂತ ನೋಡ್ತೀವಿ, ನನ್ ಪ್ರಕಾರ ಮೂರೂ ಹುಟ್ಟೋ ಜಾಗ ಒಂದೇ, ಎದುರಿನವ್ರು ಮಾತಾಡ್ತಿರೋವಾಗ ಅರ್ಧಕ್ಕೇ ನಮ್ಮ ಕಿವಿ ಮುಚ್ಕೊಳ್ಳುತ್ತಲ್ಲ, ಆ ಜಾಗ. ಅಪ್ಪಾಜಿ ಹೇಳಿದ್ದರಲ್ಲಿ ಮಗಳಿಗೆ ಕೇಳ್ಸಿದ್ದು "ತಿಂದೆ" ಮತ್ತೆ "ತೊಂದ್ರೆ ಇಲ್ಲ" ಅಷ್ಟೇ. ಮಧ್ಯದಲ್ಲಿ ಒಂದು ಮಾತು ಇತ್ತು, ಅದು ಕಳ್ದೋಯ್ತು. ಅದಕ್ಕೆ ಆಮೇಲೆ ಬರ್ತೀನಿ.

ಯಾಕೆ ಹಿಂಗಾಗುತ್ತೆ ಅಂದ್ರೆ, ಸ್ವಲ್ಪ ನಮ್ಮ ತಲೆ ಕೆಲಸ ಮಾಡೋ ರೀತಿನೂ ಕಾರಣ. 2009ರಲ್ಲಿ ಪ್ರಪಂಚದ ಹತ್ತು ಭಾಷೆಗಳ ಮಾತುಕತೆ ರೆಕಾರ್ಡ್ ಮಾಡಿ ಅಳತೆ ಮಾಡಿದ್ರು, ಒಬ್ರು ಮಾತು ನಿಲ್ಸಿ ಇನ್ನೊಬ್ರು ಶುರು ಮಾಡೋಕೆ ಸಾಮಾನ್ಯವಾಗಿ 200 ಮಿಲಿಸೆಕೆಂಡ್ ಆಸುಪಾಸು ಗ್ಯಾಪ್, ಕಣ್ಣು ಮಿಟುಕಿಸೋ ಅಷ್ಟು. ಆದ್ರೆ ಒಂದೇ ಒಂದು ಪದ ತಲೇಲಿ ರೆಡಿ ಮಾಡಿ ಬಾಯಿಗೆ ತರೋಕೇ 600 ಮಿಲಿಸೆಕೆಂಡ್ ಬೇಕು. ಅಂದ್ರೆ ಏನರ್ಥ, ಎದುರಿನವ್ರು ಇನ್ನೂ ಮಾತಾಡ್ತಿರೋವಾಗ್ಲೇ ನಮ್ ಉತ್ತರ ಒಳಗೆ ಕುದೀತಾ ಇರುತ್ತೆ. ಇದು ಎಲ್ರಿಗೂ ಇರೋದೇ, ತಪ್ಪೇನಲ್ಲ. ಕಂಟ್ರೋಲ್ ಮಾಡೋರ ಕಷ್ಟ ಏನಂದ್ರೆ ಆ ಉತ್ತರ ದಿನಾ ಒಂದೇ ಇರುತ್ತೆ, ಹೊಸದಾಗಿ ಮಾಡೋದೂ ಬೇಕಿಲ್ಲ, ಫ್ರಿಜ್ಜಿಂದ ತೆಗ್ದು ಕೊಡೋದೇ. ಅದ್ರಲ್ಲೂ ಕನ್ನಡದಲ್ಲಿ ಮಾಡ್ತೀನೋ ಮಾಡಲ್ವೋ ಅನ್ನೋದು ವಾಕ್ಯದ ಕಟ್ಟಕಡೆಗೆ ಬರುತ್ತೆ, ಮಧ್ಯದಲ್ಲಿ ಬಾಯಿ ಹಾಕಿದ್ರೆ ಅವ್ರು ಏನು ಹೇಳೋಕೆ ಹೊರಟಿದ್ರು ಅನ್ನೋದೇ ಗೊತ್ತಾಗಲ್ಲ.

ಡಾಕ್ಟರ್‌ಗಳೇನೂ ನಮ್ಗಿಂತ ಮೇಲಲ್ಲ. ಅಮೆರಿಕಾದಲ್ಲಿ 1984ರ ಒಂದು ಸ್ಟಡೀಲಿ ಪೇಷಂಟ್ ಬಾಯಿ ಬಿಟ್ಟು ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ಮಧ್ಯ ಬಂದಿದ್ರು, 1999ರಲ್ಲಿ ಮತ್ತೆ ನೋಡಿದ್ರೆ 23 ಸೆಕೆಂಡು. ಇದ್ರಲ್ಲಿ ನಂಗೆ ತುಂಬಾ ಇಷ್ಟ ಆದ ಅಂಕಿ ಬೇರೆ ಇದೆ: ಪೂರ್ತಿ ಹೇಳೋಕೆ ಬಿಟ್ಟ ಪೇಷಂಟ್‌ಗಳು ಜಾಸ್ತಿ ತಗೊಂಡಿದ್ದು ಸರಾಸರಿ ಬರೀ 6 ಸೆಕೆಂಡ್. ಆರು! "ಕೇಳ್ತಾ ಕೂತ್ರೆ ಟೈಮೆಲ್ಲಿದೆ ರೀ" ಅನ್ನೋರಿಗೆ ಇದನ್ನ ಫಾರ್ವರ್ಡ್ ಮಾಡಿ.

ಈಗ ಮುಖ್ಯವಾದ ವಿಷ್ಯ. ವಿಲಿಯಂ ಮಿಲ್ಲರ್ ಅಂತ ಒಬ್ಬ ಅಮೆರಿಕನ್ ಸೈಕಾಲಜಿಸ್ಟ್, ಕುಡಿತ ಬಿಡಿಸೋ ಚಿಕಿತ್ಸೆ ಅವ್ರ ಕ್ಷೇತ್ರ. ಅವ್ರು ನಾರ್ವೇಗೆ ಹೋಗಿದ್ದಾಗ ಅಲ್ಲಿನ ಯುವ ಸೈಕಾಲಜಿಸ್ಟ್‌ಗಳು, ನೀವು ಪೇಷಂಟ್‌ಗೆ ಈ ಪ್ರಶ್ನೆ ಯಾಕೆ ಕೇಳಿದ್ರಿ, ಆ ಮಾತನ್ನೇ ಯಾಕೆ ಹಿಡ್ಕೊಂಡ್ರಿ ಅಂತ ಕೆದಕಿ ಕೆದಕಿ ಕೇಳಿದ್ರಂತೆ, ಅದಕ್ಕೆ ಉತ್ತರ ಕೊಡ್ತಾ ಕೊಡ್ತಾನೇ ಅವ್ರಿಗೆ ತಾನು ಮಾಡ್ತಿರೋದು ಏನು ಅಂತ ಸ್ಪಷ್ಟ ಆಗಿದ್ದು. 1983ರಲ್ಲಿ ಅದನ್ನ ಪೇಪರ್ ಆಗಿ ಬರೆದ್ರು, ಆಮೇಲೆ ಸ್ಟೀಫನ್ ರೋಲ್ನಿಕ್ ಅನ್ನೋರ ಜೊತೆ ಸೇರಿ ಬೆಳೆಸಿದ್ರು. ಮೋಟಿವೇಷನಲ್ ಇಂಟರ್ವ್ಯೂಯಿಂಗ್ ಅಂತಾರೆ, ಅಂದ್ರೆ ಬದಲಾಗೋಕೆ ಕಾರಣ ಪೇಷಂಟ್ ಬಾಯಿಂದಾನೇ ಬರೋ ಹಾಗೆ ಕೇಳಿಸ್ಕೊಂಡು ಮಾತಾಡೋ ರೀತಿ, ಈಗ ಕುಡಿತ ಸಿಗರೇಟ್ ಶುಗರ್ ಬಿಪಿ ಎಲ್ಲದಕ್ಕೂ ಬಳಸ್ತಾರೆ. ಹೆಸ್ರು ಕೇಳಿದ್ರೆ ಮೋಟಿವೇಷನಲ್ ಸ್ಪೀಚ್ ಥರ ಅನ್ಸುತ್ತೆ, ಅದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ, ಇಲ್ಲಿ ಭಾಷಣ ಮಾಡೋರೇ ಇಲ್ಲ.

ಮಿಲ್ಲರ್ ತಂಡ 1993ರಲ್ಲಿ ಒಂದು ರಿಸಲ್ಟ್ ಕೊಟ್ರು. ಥೆರಪಿಸ್ಟ್ ಎಷ್ಟು ಜಾಸ್ತಿ ಎದುರು ವಾದ ಮಾಡಿ ಒತ್ತಾಯ ಮಾಡಿದ್ರೋ, ಒಂದು ವರ್ಷ ಆದ್ಮೇಲೆ ಅವ್ರ ಪೇಷಂಟ್ ಅಷ್ಟು ಜಾಸ್ತಿ ಕುಡೀತಿದ್ರು. ಓದಿದವ್ರು ಒತ್ತಾಯ ಮಾಡಿದ್ರೇ ಹಿಂಗೆ, ನಾವು ಬಾಗಿಲಲ್ಲಿ ನಿಂತು ಬೈದ್ರೆ?

ಇದ್ರ ಲಾಜಿಕ್ ಸಿಂಪಲ್. ಅಭ್ಯಾಸ ಬಿಡಬೇಕಾದ ಯಾರ ತಲೇಲಾದ್ರೂ ಎರಡೂ ಮಾತು ಇರುತ್ತೆ, ಬಿಡಬೇಕು ಅನ್ನೋದೂ ಇರುತ್ತೆ, ಆಗಲ್ಲ ಅನ್ನೋದೂ ಇರುತ್ತೆ. ನೀವು "ಬಿಡಿ" ಅನ್ನೋ ಪಾರ್ಟಿ ಸೇರಿದ ತಕ್ಷಣ ಅವ್ರಿಗೆ ಉಳಿಯೋದು ಇನ್ನೊಂದೇ ಪಾರ್ಟಿ. ಅವ್ರು ಅದ್ರ ಪರ ವಾದ ಮಾಡ್ತಾರೆ, ಮಾಡ್ತಾ ಮಾಡ್ತಾ ತಮ್ಮ ವಾದ ತಾವೇ ನಂಬ್ತಾರೆ. ಬೆಲ್ಲದ ಡಬ್ಬಿ ಬಚ್ಚಿಟ್ಟಾಗ ನಡೆಯೋದೂ ಅದೇ, ಮೊದ್ಲು ಬೆಲ್ಲ ಬೆಲ್ಲ ಆಗಿತ್ತು, ಈಗ ಸ್ವಾತಂತ್ರ್ಯ ಆಗೋಯ್ತು. 1966ರಲ್ಲೇ ಜ್ಯಾಕ್ ಬ್ರೆಮ್ ಅನ್ನೋ ಸೈಕಾಲಜಿಸ್ಟ್ ಹೇಳಿದ್ದು ಇದನ್ನೇ, ಕಿತ್ಕೊಂಡಿದ್ರ ಮೇಲೆ ಆಸೆ ಜಾಸ್ತಿ ಆಗುತ್ತೆ ಅಂತ. ಮಕ್ಕಳನ್ನ ಸಾಕಿದವ್ರಿಗೆ ಇದಕ್ಕೆ ಸೈಕಾಲಜಿ ಬೇಕಿಲ್ಲ ಬಿಡಿ.

ಈಗ ಆ ಕಳ್ದೋದ ಮಾತಿಗೆ ಬರೋಣ. "ರಾತ್ರಿ ನಾಲ್ಕ್ ಸಲ ಎದ್ದೇಳೋದೊಂದು ಬಿಟ್ರೆ." ಅಪ್ಪಾಜಿ ತಾನಾಗೇ, ಯಾರೂ ಕೇಳದೆ, ಇದೊಂದು ಕಷ್ಟ ಇದೆ ಅಂತ ಒಪ್ಕೊಂಡಿದಾರೆ. ಮಿಲ್ಲರ್ ಕಡೆಯವ್ರು ಕಿವಿ ಕೊಟ್ಟು ಕಾಯೋದೇ ಇಂಥ ಮಾತಿಗೆ. ಬದಲಾವಣೆ ಬೇಕು ಅನ್ನೋ ಮಾತು ಯಾವತ್ತೂ ಡಂಗುರ ಹೊಡ್ಕೊಂಡು ಬರಲ್ಲ, ಜಗಳದ ಮಧ್ಯೆ, ಸಿಟ್ಟಿನ ಮಾತಿನ ಸಂದೀಲಿ, "ಒಂದು ಬಿಟ್ರೆ" ಅಂತಾನೇ ಬರುತ್ತೆ.

[ಸ್ಕ್ರೀನ್: ಅದೇ ಸಂಜೆ, ಎರಡನೇ ಮಾತುಕತೆ]

"…ರಾತ್ರಿ ನಾಲ್ಕ್ ಸಲ ಎದ್ದೇಳೋದೊಂದು ಬಿಟ್ರೆ ನಂಗೇನೂ ತೊಂದ್ರೆ ಇಲ್ಲ."
"ರಾತ್ರಿ ನಾಲ್ಕ್ ಸಲ ಏಳ್ತೀರ."
(ಸುಮ್ನಿರ್ತಾಳೆ.)
"ಹೂಂನಮ್ಮ. ಮೂರು ಗಂಟೆಗೆ ಎದ್ರೆ ಆಮೇಲೆ ನಿದ್ದೇನೇ ಹತ್ತಲ್ಲ. ಲೈಟ್ ಹಾಕಿದ್ರೆ ಪಾಪು ಎದ್ಬಿಡುತ್ತೆ ಅಂತ ಕತ್ತಲಲ್ಲೇ ಗೋಡೆ ಹಿಡ್ಕೊಂಡು ಹೋಗ್ತೀನಿ."
"ಪಾಪು ಏಳಬಾರ್ದು ಅಂತ ಲೈಟೇ ಹಾಕಲ್ಲ ನೀವು."
"ಮತ್ತೆ? ನಿಂಗೆ ಬೆಳಿಗ್ಗೆ ಡ್ಯೂಟಿ ಇರುತ್ತೆ… ಶುಗರ್ ಇಳಿದ್ರೆ ಇದು ಕಮ್ಮಿ ಆಗುತ್ತೆ ಅಂದಿದ್ರಲ್ಲ ಡಾಕ್ಟ್ರು?"

ಅಷ್ಟೇ. ಅಪ್ಪಾಜಿ ಮಿರ್ಚಿ ಮಂಡಕ್ಕಿ ಬಿಡ್ತೀನಿ ಅಂತ ಎಲ್ಲೂ ಹೇಳಿಲ್ಲ ನೋಡಿ, ಸುಳ್ಳು ಭರವಸೆ ನಾನೂ ಕೊಡಲ್ಲ. ಆದ್ರೆ ವಯಸ್ಸಾದವ್ರು ರಾತ್ರಿ ಕತ್ತಲಲ್ಲಿ ಗೋಡೆ ಹಿಡ್ಕೊಂಡು ಓಡಾಡ್ತಿದಾರೆ ಅನ್ನೋ ವಿಷ್ಯ ಆ ಮನೇಲಿ ಯಾವ ಗ್ಲೂಕೋಮೀಟರ್ ರೀಡಿಂಗಲ್ಲೂ ಬಂದಿರ್ಲಿಲ್ಲ. ಬಿದ್ದು ಸೊಂಟ ಮುರ್ಕೊಂಡಿದ್ರೆ? ಒಂದು ಸಣ್ಣ ನೈಟ್ ಲ್ಯಾಂಪ್ ತಂದ್ರೆ ಆಯ್ತು. ಜೊತೆಗೆ ಶುಗರ್ ಇಳಿಸೋಕೆ ಒಂದು ಕಾರಣ ಸಿಕ್ತು, ಅದೂ ಅವ್ರದ್ದೇ ಬಾಯಿಂದ, ಹಿಂದಿನ ಬೀದಿ ಮಾವನ ಕಾಲಿಗಿಂತ ಇದು ನೂರು ಪಾಲು ಕೆಲಸ ಮಾಡುತ್ತೆ.

ಅಂದ ಹಾಗೆ ಡಾಕ್ಟ್ರು ಹೇಳಿದ್ದು ಸರಿನೇ, ರಕ್ತದಲ್ಲಿ ಶುಗರ್ ಸುಮಾರು 180 ದಾಟಿದ್ರೆ ಕಿಡ್ನಿಗೆ ಅದನ್ನೆಲ್ಲಾ ವಾಪಸ್ ಹೀರ್ಕೊಳ್ಳೋಕೆ ಆಗಲ್ಲ, ಮೂತ್ರದಲ್ಲಿ ಬಿಡುತ್ತೆ, ಶುಗರ್ ಹೋಗ್ತಾ ನೀರನ್ನೂ ಎಳ್ಕೊಂಡು ಹೋಗುತ್ತೆ. ಗಂಡಸರಿಗೆ ಪ್ರಾಸ್ಟೇಟ್ ಪ್ರಾಬ್ಲಮ್ಮೂ ಇರ್ಬೋದು, ಅದನ್ನೂ ಒಂದ್ಸಲ ತೋರಿಸ್ಬಿಡಿ.

ಮಗಳು ಮಾಡಿದ್ರಲ್ಲಿ ಒಂದು ಸೂಕ್ಷ್ಮ ಇದೆ. "ನಾಲ್ಕ್ ಸಲ ಏಳ್ತೀರಾ?!" ಅಂತ ದನಿ ಏರಿಸಿ ಕೇಳಿದ್ರೆ ಅದು ವಿಚಾರಣೆ ಥರ ಕೇಳ್ಸುತ್ತೆ, ಅಪ್ಪಾಜಿ ತಕ್ಷಣ "ಇಲ್ಲ, ಎರಡ್ಮೂರು ಅಷ್ಟೇ" ಅಂತ ಇಳಿಸ್ತಾರೆ. "ನಾಲ್ಕ್ ಸಲ ಏಳ್ತೀರ" ಅಂತ ದನಿ ಇಳಿಸಿ ನಿಲ್ಸಿದ್ರೆ ಅವ್ರೇ ಮುಂದೆ ಹೇಳ್ತಾರೆ. ಒಂದ್ಸಲ ಜೋರಾಗಿ ಎರಡೂ ಥರ ಹೇಳಿ ನೋಡಿ, ಗೊತ್ತಾಗುತ್ತೆ. ಆದ್ರೆ ಗಿಳಿ ಥರ ಪ್ರತಿ ವಾಕ್ಯಾನೂ ರಿಪೀಟ್ ಮಾಡ್ಬೇಡಿ ದಯವಿಟ್ಟು, ರೀಲ್ಸ್‌ನಲ್ಲಿ ಆಕ್ಟಿವ್ ಲಿಸನಿಂಗ್ ಅಂತ ತೋರಿಸ್ತಾರಲ್ಲ ತಲೆ ಆಡಿಸ್ಕೊಂಡು ಹೂಂ ಹೂಂ ಅನ್ನೋದು, ಅದನ್ನ ನಮ್ ಅಪ್ಪಂದಿರ ಹತ್ರ ಮಾಡಿದ್ರೆ "ಏನಮ್ಮ, ಹುಷಾರಿಲ್ವಾ ನಿಂಗೆ" ಅಂತ ಕೇಳ್ತಾರೆ.

ಸಲಹೆ ಕೊಡ್ಲೇಬಾರ್ದಾ? ಕೊಡಿ, ಮೊದ್ಲು ಕೇಳಿ ಕೊಡಿ. "ಮುದ್ದೆ ಬಗ್ಗೆ ಡಯೆಟಿಷನ್ ಒಂದು ಹೇಳಿದ್ರು, ಹೇಳ್ಲಾ ಅಪ್ಪಾಜಿ?" ಅವ್ರು ಹೂಂ ಅಂದ್ರೆ ಮಾತ್ರ ಹೇಳೋದು, ರಾಗಿ ಅಂದ ಮಾತ್ರಕ್ಕೆ ಎಷ್ಟು ಬೇಕಾದ್ರೂ ತಿನ್ನೋ ಹಂಗಿಲ್ಲ, ಅದೂ ಶುಗರ್ ಏರಿಸುತ್ತೆ, ಮುದ್ದೆ ಸೈಜು ನೋಡ್ಬೇಕು ಅಂತ. ಹೇಳಿ ಸುಮ್ನಾಗದೆ "ನಿಮ್ಗೇನನ್ಸುತ್ತೆ" ಅಂತ ವಾಪಸ್ ಅವ್ರಿಗೇ ಕೊಡಿ. ಬೇಡ ಅಂದ್ರೆ? ಬೇಡ ಅಂತಾನೇ ಅರ್ಥ, ಇವತ್ತಿಗೆ ಬಿಟ್ಬಿಡಿ. ಇದೇ ಅತಿ ಕಷ್ಟದ್ದು, ನಿಜವಾಗಿ ಕಂಟ್ರೋಲ್ ಬಿಡೋದು ಅಂದ್ರೆ ಇಲ್ಲೇ ಬಿಡಬೇಕು, ಮಿಕ್ಕಿದ್ದೆಲ್ಲಾ ಸುಲಭ.

ಇನ್ನೊಂದು ಪ್ರಶ್ನೆ ನಂಗೆ ಬಹಳ ಇಷ್ಟ. "ಸಂಜೆ ತಿನ್ನೋದು ಕಮ್ಮಿ ಮಾಡ್ಬೇಕು ಅಂತ ನಿಮ್ಗೆ ಹತ್ತಕ್ಕೆ ಎಷ್ಟು ಮನಸ್ಸಿದೆ?" ಅವ್ರು ನಾಲ್ಕು ಅಂತಾರೆ ಅಂದ್ಕೊಳ್ಳಿ. ನಮ್ ಬಾಯಿಗೆ ಬರೋದೇನು, "ಬರೀ ನಾಲ್ಕಾ!" ಅದನ್ನ ನುಂಗ್ಕೊಂಡು "ಎರಡು ಅನ್ನಲಿಲ್ಲ, ನಾಲ್ಕು ಅಂದ್ರಿ, ಯಾಕೆ?" ಅಂತ ಕೇಳಿ. ಆಗ ಅವ್ರು ಕೊಡೋ ಉತ್ತರ ಕಮ್ಮಿ ಮಾಡೋ ಕಡೆದೇ ಆಗಿರುತ್ತೆ, ಬೇರೆ ದಾರಿನೇ ಇಲ್ಲ. ಬರೀ ನಾಲ್ಕಾ ಅಂದಿದ್ರೆ ಯಾಕೆ ಆಗಲ್ಲ ಅಂತ ಲಿಸ್ಟ್ ಕೊಡ್ತಿದ್ರು.

ಹಠ ಇರೋದು ಅಪ್ಪಾಜಿಗೆ ರೀ, ನಾನ್ಯಾಕೆ ಬದಲಾಗ್ಬೇಕು ಅಂತೀರಾ. ನ್ಯಾಯವಾದ ಮಾತು. ಇಸ್ರೇಲ್‌ನ ಸಂಶೋಧಕರು ಇಟ್ಜ್‌ಚಕೋವ್, ಕ್ಲೂಗರ್ ಮತ್ತವ್ರ ತಂಡ 2017ರಲ್ಲಿ ಇದನ್ನೇ ನೋಡಿದ್ರು. ಚೆನ್ನಾಗಿ ಕೇಳಿಸ್ಕೊಳ್ಳೋರ ಮುಂದೆ ಮಾತಾಡಿದವ್ರು ತಮ್ಮ ಅಭಿಪ್ರಾಯದ ಎರಡೂ ಮುಖ ತಾವೇ ನೋಡ್ತಾರೆ, ಒಂದೇ ತುದಿ ಹಿಡ್ಕೊಂಡು ನಿಲ್ಲೋದು ಕಮ್ಮಿ ಆಗುತ್ತೆ. ಕೇಳಿಸ್ಕೊಂಡಿದ್ದು ಒಬ್ರು, ಸಡಿಲ ಆಗಿದ್ದು ಇನ್ನೊಬ್ರ ಹಠ. ಹಂಗಂತ ಒಂದೇ ಸಂಜೆಗೆ ಆಗ್ಬಿಡಲ್ಲ, ವರ್ಷಗಟ್ಲೆ ಬೈಸ್ಕೊಂಡೋರು ನೀವು ಸುಮ್ನಿದ್ರೆ ಮೊದ್ಲು ಅನುಮಾನಾನೇ ಪಡ್ತಾರೆ, ಇದೇನೋ ಹೊಸ ಪ್ಲಾನು ಅಂತ.

ಕೊನೆಗೆ ಒಂದು ವಾರ್ನಿಂಗ್, ಇದು ನಿಜವಾಗ್ಲೂ ಸೀರಿಯಸ್ಸು. ಶುಗರ್ ಇರೋರು ಇದ್ದಕ್ಕಿದ್ದಂಗೆ ಬೆವರ್ತಾ ಇದ್ರೆ, ಕೈ ನಡುಗ್ತಿದ್ರೆ, ಮಾತು ತೊದಲ್ತಿದ್ರೆ ಅದು ಲೋ ಶುಗರ್ ಇರ್ಬೋದು, ಇನ್ಸುಲಿನ್ ಅಥವಾ ಕೆಲವು ಮಾತ್ರೆ ತಗೊಂಡು ಊಟ ಲೇಟ್ ಮಾಡಿದ್ರೆ ಆಗುತ್ತೆ. ರೀಡಿಂಗ್ 70ಕ್ಕಿಂತ ಕೆಳಗಿದ್ರೆ ಆಗ ದನಿ ಇಳಿಸ್ಕೊಂಡು ಕೇಳ್ತಾ ಕೂರ್ಬೇಡಿ, ಪರ್ಮಿಷನ್ ಬೇಡ, ಎಚ್ಚರ ಇದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲ್ಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕ್ಬೇಡಿ, 108ಕ್ಕೆ ಫೋನ್ ಮಾಡಿ. ಮತ್ತೆ ಆ ಸಕ್ಕರೆ ಡಬ್ಬಿ ಇದ್ಯಲ್ಲ, ಅದನ್ನ ಅಟ್ಟದಿಂದ ಇಳಿಸಿ ಎಲ್ರ ಕೈಗೂ ಸಿಗೋ ಕಡೆ ಇಡಿ.